ಬಳೆಯ ದನಿ ಹಿಡಿಯದ ಮೈಕುಗಳು

ಹೆಂಡತಿ ರೊಟ್ಟಿ ಬಡಿಯುವ ಸಪ್ಪಳ ಹಿಡಿಯಲೆಂದು ರಷ್ಯಾದಿಂದ ಮೈಕು ತರಿಸಿದ ಗಂಡಸು ಇಡೀ ನಾಶಿಕ ಜಿಲ್ಲೆಯಲ್ಲಿ ಒಬ್ಬರೇ ಒಬ್ಬರು. ಅವರು ನಮ್ಮ ಸೋದರಮಾವ. ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ನಡುನಡುವೆ ನಕ್ಕರೆ ನನಗೆ ಸಿಟ್ಟು ಬರುತ್ತದೆ. ನಾನು ನಗಬಹುದು, ಏಕೆಂದರೆ ನಾನು ಅವರ ಅಕ್ಕನ ಮಗಳು, ಅವರ ಮನೆಯ ಜೋಳದ ರೊಟ್ಟಿಯನ್ನು ವರ್ಷಗಟ್ಟಲೆ ತಿಂದು ಬೆಳೆದ ದೇಹ ಇದು. ನಿಮಗೆ ಆ ಹಕ್ಕು ಎಲ್ಲಿಂದ ಬಂತು?

ಮಾಮಾ ಬಾಗಲಕೋಟೆ ಕಡೆಯವರು. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಎಂಜಿನ್ ಪರೀಕ್ಷೆ ಮಾಡುವ ತಂತ್ರಜ್ಞರಾಗಿದ್ದು ನಿವೃತ್ತರಾಗಿ, ನಾಶಿಕದಲ್ಲೇ ಒಂದು ಫ್ಲ್ಯಾಟು ಕೊಂಡು ಉಳಿದವರು. ನನಗೆ ಅಲ್ಲೇ ಪಕ್ಕದ ಅಂಬಡದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಾಗ, ಹೆಣ್ಣುಮಗಳು ಒಬ್ಬಳೇ ರೂಮು ಮಾಡುವುದು ಬೇಡವೆಂದು ಅವ್ವ ನನ್ನನ್ನು ಮಾಮಾ-ಮಾಮಿಯ ಮನೆಗೆ ದಾಟಿಸಿದಳು. ಹೋದ ಮರುದಿನ ಬೆಳಗ್ಗೆ ಎದ್ದು ಅಡುಗೆಮನೆಗೆ ಕಾಲಿಟ್ಟೆ. ಮೇ ತಿಂಗಳ ಸೆಕೆ, ಆದರೆ ಫ್ಯಾನು ಬಂದ್. ಫ್ರಿಜ್ಜೂ ಬಂದ್. ಮಾಮಿ ಬೆವರು ಸುರಿಸುತ್ತ ಕಲ್ಲಿನ ಮೇಲೆ ರೊಟ್ಟಿ ಬಡಿಯುತ್ತಿದ್ದಾರೆ. ಅವರ ನೆತ್ತಿಯ ಮೇಲೆ ಬಟ್ಟೆ ಒಣಹಾಕುವ ತಂತಿಯಿಂದ ಎರಡು ಸಣ್ಣ ಉಕ್ಕಿನ ಕೊಳವೆಗಳು ಜೋತಾಡುತ್ತಿವೆ. ಮೂಲೆಯಲ್ಲಿ ಮಾಮಾ ಕಿವಿಗೆ ಹೆಡ್‌ಫೋನು ಏರಿಸಿ, ಕಣ್ಣು ಮುಚ್ಚಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾರೆ. ನಾನು ಬಾಯಿ ತೆರೆಯುವ ಮೊದಲೇ ಮಾಮಿ ತುಟಿಯ ಮೇಲೆ ಹಿಟ್ಟಿನ ಬೆರಳಿಟ್ಟರು. ಗ್ಯಾಸು ಸೋರುತ್ತಿದೆಯೋ ಏನೋ ಎಂದು ನಾನು ಬಂದ ಹಾದಿಯಲ್ಲೇ ಹಿಂದೆ ಸರಿದೆ!

ಆ ಕೊಳವೆಗಳೇ ಮೈಕುಗಳು. ಹಾಡುವವರ ಮೂತಿಯ ಮುಂದೆ ಇಡುವ ದಪ್ಪ ಹೊಟ್ಟೆಯ ಮೈಕುಗಳಲ್ಲ. ಇವು ಬೆರಳಿನಷ್ಟು ದಪ್ಪದವು. ಒಳಗಿರುವ ಪೊರೆ ಎಂಟಾಣೆಗಿಂತ ಚಿಕ್ಕದು. ಚಿಕ್ಕ ಪೊರೆಯಾದ್ದರಿಂದ ಬೇಗ ನಡುಗಿ ಬೇಗ ಸುಮ್ಮನಾಗುತ್ತದೆಯಂತೆ. ಹೀಗಾಗಿ ಫಟ್ಟೆಂದು ಹುಟ್ಟಿ ಫಟ್ಟೆಂದು ಸಾಯುವ ಸಪ್ಪಳ ಹಿಡಿಯುವುದರಲ್ಲಿ ಇವನ್ನು ಮೀರಿಸಿದ್ದು ಇಲ್ಲವಂತೆ. ಕಂಡೆನ್ಸರ್ ಮೈಕು ಎಂದು ಹೆಸರು. ಹಳೆಯದಾದಷ್ಟೂ ಗತ್ತು ಜಾಸ್ತಿ. ಇದೆಲ್ಲ ಮಾಮಾ ನನಗೆ ಮೊದಲ ದಿನವೇ ಚಹಾ ಆರಿ ತಣ್ಣಗಾಗುವವರೆಗೆ ಹೇಳಿದರು. ಬೇರೆಯವರು ಹೊಸ ಮೈಕು ತಂದರೆ ಗಿಟಾರಿನ ಮುಂದೆ ಇಟ್ಟು ಪರೀಕ್ಷೆ ಮಾಡುತ್ತಾರಲ್ಲ ಎಂದು ಕೇಳಿದೆ. ನಮ್ಮ ಮನೆಯಲ್ಲಿ ಗಿಟಾರು ತಿನ್ನುವವರು ಯಾರಿದ್ದಾರೆ ಎಂದು ನನ್ನನ್ನೇ ಕೇಳಿದರು.

ಹುಚ್ಚಿಗೂ ಒಂದು ಹುಟ್ಟೂರು ಬೇಕಲ್ಲ? ಇದರದು ಕಾರ್ಖಾನೆಯ ಕ್ವಾರ್ಟರ್ಸು. ಮದುವೆಯಾದ ಹೊಸದರಲ್ಲಿ, ಕೆಲಸ ಕಲಿಸಲು ಬಂದಿದ್ದ ರಷ್ಯನ್ ತಂತ್ರಜ್ಞರೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಮಾಮಾನಿಗೆ ಇಂಥದೊಂದು ಮೈಕು ಕೊಟ್ಟು ಹೋದರು. ಮಾಮಾ ಅದನ್ನು ಟೇಪ್ ರೆಕಾರ್ಡರಿಗೆ ಜೋಡಿಸಿ, ಹೊಸ ಹೆಂಡತಿಯ ಮುಂದೆ ಹಿಡಿದು ಒಂದು ಹಾಡು ಹೇಳೆಂದರು. ಹೊಸ ಹೆಂಡತಿ ನಾಚಿಕೊಂಡು ಹಾಡಲೊಲ್ಲದೆ ರೊಟ್ಟಿ ಬಡಿಯುತ್ತ ಕುಳಿತರು. ಅದೇ ಕ್ಯಾಸೆಟ್ಟಿಗಿಳಿಯಿತು. ಮೂರು ಬಡಿತ, ಒಂದು ತಿರುವು. ಮೂರು ಬಡಿತ, ಒಂದು ತಿರುವು. ಹಿಟ್ಟಿನ ಉಂಡೆ ಅಗಲವಾದಂತೆ ಸಪ್ಪಳ ತೆಳ್ಳಗಾಗುತ್ತದೆ, ಕಡೆಗೆ ಕಲ್ಲೇ ಮಾತಾಡಿದಂತೆ ಕೇಳುತ್ತದೆ. ಎಲ್ಲಕ್ಕಿಂತ ಮೇಲೆ, ಪ್ರತಿ ತಿರುವಿಗೂ ಗಾಜಿನ ಬಳೆಗಳ ಕಿಣಿಕಿಣಿ. ಮಾಮಾ ಆ ಕ್ಯಾಸೆಟ್ಟನ್ನು ಕೇಳಿ ಕೇಳಿ ಸವೆಸಿ ಸಾಯಿಸಿದರು. ಮೈಕನ್ನು ತಾವೇ ರಿಪೇರಿ ಮಾಡಲು ಹೋಗಿ ಅದನ್ನೂ ಸಾಯಿಸಿದರು. ಅಲ್ಲಿಂದ ಶುರುವಾಯಿತು ಹುಡುಕಾಟ. ಮೈಕು ಬಂದವು, ಬಂದವು, ಅಲಮಾರಿ ತುಂಬುವಷ್ಟು ಬಂದವು. ಯಾವುದರ ಪರೀಕ್ಷೆ ಮುಗಿದರೂ ಮಾಮಾ ಹೆಡ್‌ಫೋನು ತೆಗೆದು ಹೇಳುವ ಮಾತು ಒಂದೇ.

"ಎಲ್ಲಾ ಬರೋಬ್ಬರಿ ಐತಿ. ಬಳಿ ಬರವಲ್ದು."

ಬಳೆ ಏಕೆ ಬರುತ್ತಿಲ್ಲ? ಮೈಕಿಗೆ ವಯಸ್ಸಾಗಿದೆ, ಮೇಲಿನ ದನಿ ಸತ್ತಿದೆ, ಇನ್ನೊಂದು ನೋಡೋಣ. ಇದು ಅವರ ತೀರ್ಪು. ನನ್ನ ಕಿವಿಗಾದರೋ ಬಳೆ ಸ್ಪಷ್ಟವಾಗಿ ಕೇಳುತ್ತಿತ್ತು. ಬಾಯಿ ಬಿಟ್ಟು ಹೇಳಿದೆ ಕೂಡ. ಕಾರ್ಖಾನೆಯ ಹುಡುಗಿಯರಿಗೆ ಮೊಬೈಲಿನ ಪೀಪಿ ಕೇಳಿ ಕೇಳಿ ಕಿವಿ ಕೆಟ್ಟಿರುತ್ತದೆ ಎಂದುಬಿಟ್ಟರು.

ಒಂದು ಸಲ ಮಾಲೇಗಾಂವಿಗೆ ನನ್ನನ್ನೂ ಎಳೆದುಕೊಂಡು ಹೋದರು. ಅಲ್ಲಿ ಮದುವೆಯ ವಿಡಿಯೋ ಮಾಡುವವನೊಬ್ಬನ ಬಳಿ ಹಳೆಯ ಜಪಾನಿ ಮೈಕಿನ ಜೋಡಿ ಇದೆಯೆಂದು ಸುದ್ದಿ. ಅವನ ಅಂಗಡಿಯ ಎಡಕ್ಕೆ ಮಗ್ಗ, ಬಲಕ್ಕೆ ಮಗ್ಗ, ಮೇಲಿನ ಮಹಡಿಯಲ್ಲೂ ಮಗ್ಗ, ಎಲ್ಲವೂ ಕರೆಂಟಿನವು. ನೆಲ ನಡುಗುತ್ತಿತ್ತು. ಮಾರುವವನು ಏನೋ ಹೇಳಿದ, ಮಾಮಾ ಏನೋ ಕೇಳಿದರು, ಒಬ್ಬರದು ಒಬ್ಬರಿಗೆ ಮುಟ್ಟಲಿಲ್ಲ, ವ್ಯಾಪಾರ ಕೈಸನ್ನೆಯಲ್ಲೇ ಮುಗಿಯಿತು. ಮಾಮಾ ಆ ಗದ್ದಲದಲ್ಲೇ ಹೆಡ್‌ಫೋನು ಹಾಕಿ ತಲೆದೂಗಿದರು. ಹೊರಗೆ ಬಂದಮೇಲೆ ಏನು ಕೇಳಿಸಿತು ಎಂದೆ. ಮಗ್ಗ ಬಹಳ ಚೆನ್ನಾಗಿ ಕೇಳಿಸಿತಂತೆ!

ತ್ರ್ಯಂಬಕೇಶ್ವರದ ಕಥೆ ಇನ್ನೂ ಒಂದು ಕೈ ಮೇಲು. ಅಲ್ಲಿನ ಪುರೋಹಿತರೊಬ್ಬರ ಮನೆಯಲ್ಲಿ, ಹಿಂದೆ ಮಂತ್ರದ ಕ್ಯಾಸೆಟ್ಟು ಮಾಡಲು ತಂದಿದ್ದ ಜರ್ಮನ್ ಜೋಡಿಯೊಂದು ಹಾಗೇ ಉಳಿದಿತ್ತು. ಪರೀಕ್ಷೆ ಮಾಡದೆ ಕೊಳ್ಳುವವರಲ್ಲ ಮಾಮಾ. ಮಾಮಿ, ಹಿಟ್ಟು, ಕಲ್ಲು, ಸಣ್ಣ ಗ್ಯಾಸಿನ ಒಲೆ ಎಲ್ಲವೂ ಜೀಪು ಹತ್ತಿದವು. ಪುರೋಹಿತರ ಅಡುಗೆಮನೆಗೆ ಹೊರಗಿನವರು ಹೋಗುವಂತಿಲ್ಲವಾದ್ದರಿಂದ ಜಗುಲಿಯ ಮೇಲೇ ಮಾಮಿ ರೊಟ್ಟಿ ಬಡಿಯಲು ಕುಳಿತರು. ನಾಲ್ಕು ರೊಟ್ಟಿ ಬೇಯುವಷ್ಟರಲ್ಲಿ ಜೀಪಿಗೆ ಕಾಯುತ್ತಿದ್ದ ಯಾತ್ರಿಕರು ಎಲೆ ಹಿಡಿದು ಸಾಲಾಗಿ ಕುಳಿತುಬಿಟ್ಟರು. ಇಲ್ಲಿ ಭಾಕರಿಯ, ಅಂದರೆ ರೊಟ್ಟಿಯ, ಪ್ರಸಾದ ಇದೆಯೆಂದು ಯಾರೋ ಹೇಳಿದ್ದರಂತೆ. ಹಸಿದು ಕುಳಿತವರನ್ನು ಏಳಿಸುವ ಮನುಷ್ಯಳೇ ಮಾಮಿ? ಹಿಟ್ಟು ಮುಗಿಯುವವರೆಗೆ ಬಡಿದರು, ಪುರೋಹಿತರು ಒಳಗಿನಿಂದ ಚಟ್ನಿ ತಂದು ಬಡಿಸಿದರು. ಕಡೆಗೆ ಮಾಮಾ ಹೆಡ್‌ಫೋನು ತೆಗೆದರು. ಬಳೆ ಬಂದಿರಲಿಲ್ಲ. ಆದರೂ ಜೋಡಿ ಮನೆಗೆ ಬಂತು.

ಮಾಮಿಯ ಬಾಯಿ ಸುಮ್ಮನಿತ್ತೆಂದು ತಿಳಿಯಬೇಡಿ. ಮೈಕನ್ನು ಹೀಗೆ ಮೋರೆಯ ಮುಂದೆ ಜೋತುಬಿಟ್ಟರೆ ರೊಟ್ಟಿ ನಾಚಿಕೊಂಡು ಉಬ್ಬುವುದೇ ಇಲ್ಲ ಎನ್ನುತ್ತಿದ್ದರು. ತಮ್ಮ ಸೀರೆಗಳೆಲ್ಲ ಟ್ರಂಕಿನಲ್ಲಿ ಮುದುಡಿ ಬಿದ್ದಿರುವಾಗ ಅಲಮಾರಿಯಲ್ಲಿ ಮೈಕುಗಳು ಮಖಮಲ್ಲಿನ ಮೇಲೆ ಮಲಗಿವೆ ಎಂದು ಬಂದವರಿಗೆಲ್ಲ ಬಾಗಿಲು ತೆರೆದು ತೋರಿಸುತ್ತಿದ್ದರು. ಈ ಮೈಕುಗಳನ್ನು ಗುಜರಿಗೆ ಹಾಕಿದ ದಿನ ಹೋಳಿಗೆ ಮಾಡುತ್ತೇನೆಂದು ಕೆಳಗಿನ ಮನೆಯ ಕಾಕುವಿಗೆ ಮಾತು ಕೊಟ್ಟಿದ್ದರು. ಕಾಕು ಪಾಪ, ವರ್ಷಗಳಿಂದ ಕಾಯುತ್ತಿದ್ದರು.

ಈಗ ಕಿವಿಯ ವಿಷಯಕ್ಕೆ ಬರಬೇಕು. ಮುಚ್ಚಿಡುವುದೇನು? ಎಂಜಿನ್ ಪರೀಕ್ಷೆಯ ಕೆಲಸದವರಿಗೆ ಕಾರ್ಖಾನೆಯವರು ಕಿವಿಗೆ ಹಾಕಲು ದಪ್ಪನೆಯ ಮುಚ್ಚಳ ಕೊಡುತ್ತಿದ್ದರು. ಹಾಕಿಕೊಳ್ಳದಿದ್ದರೆ ಬೈಯುತ್ತಲೂ ಇದ್ದರು. ನಮ್ಮ ಮಾಮಾ ಮಾತ್ರ ಮೇಲಿನವರು ಅತ್ತ ತಿರುಗಿದ್ದೇ ತಡ, ಮುಚ್ಚಳ ತೆಗೆದು ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಎಂಜಿನ್ನು ಏನು ಹೇಳುತ್ತಿದೆ ಎಂದು ಖುದ್ದಾಗಿ ಕೇಳಬೇಕಿತ್ತಂತೆ! ಕೇಳಿಯೂ ಕೇಳಿದರು. ಎಲ್ಲಿ ಬೇರಿಂಗು ಸವೆದಿದೆ ಎಂದು ಮೀಟರು ತೋರಿಸುವ ಮೊದಲೇ ಹೇಳುತ್ತಿದ್ದರೆಂದು ಅವರ ಜೊತೆಯವರು ಇಂದಿಗೂ ನೆನೆಯುತ್ತಾರೆ. ಆದರೆ ಎಂಜಿನ್ನು ತನ್ನ ಮಾತಿನ ಬಾಡಿಗೆ ವಸೂಲಿ ಮಾಡಿಕೊಂಡಿತ್ತು. ಸಣ್ಣ ದನಿಗಳು, ಚೂಪು ದನಿಗಳು ಒಂದೊಂದಾಗಿ ಮಾಮಾನನ್ನು ಬಿಟ್ಟು ಹೋಗಿದ್ದವು.

ಒಂದು ಮಧ್ಯಾಹ್ನ ಮಾಮಿ ಕುಕ್ಕರಿಟ್ಟು, ಸೀಟಿ ಹೊಡೆದರೆ ಬಂದ್ ಮಾಡಿ ಎಂದು ಹೇಳಿ ತರಕಾರಿಗೆ ಹೋದರು. ಮರಳಿ ಬರುವಷ್ಟರಲ್ಲಿ ಬೇಳೆ ಹತ್ತಿ, ಕುಕ್ಕರು ಕರಕಲಾಗಿ, ಮಹಡಿಯ ತುಂಬ ಹೊಗೆ. ಮಾಮಾ ಅಡುಗೆಮನೆಯ ಬಾಗಿಲಲ್ಲೇ ಕುಳಿತು ಎರಡು ಮೈಕುಗಳನ್ನು ಹೋಲಿಸುತ್ತಿದ್ದರು. ಕುಕ್ಕರು ಸೀಟಿ ಹೊಡೆಯಲೇ ಇಲ್ಲವೆಂದು ಎದೆ ತಟ್ಟಿ ವಾದಿಸಿದರು. ಇನ್ನೊಂದು ದಿನ, ತಿಂಗಳುಗಟ್ಟಲೆ ಕಾದಿದ್ದ ರಷ್ಯಾದ ಮೈಕಿನ ಪಾರ್ಸಲ್ಲು ಬಂತು. ಪೋಸ್ಟಿನವನು ಬೆಲ್ಲು ಒತ್ತಿ ಒತ್ತಿ ಸೋತು ಹಿಂದಿರುಗಿದ. ಮಾಮಾ ಬಾಗಿಲ ಒಳಗಡೆ ಕುರ್ಚಿ ಹಾಕಿಕೊಂಡು ಅದೇ ಪಾರ್ಸಲ್ಲಿಗೆ ಕಾಯುತ್ತಿದ್ದರು! ಇರುವೆ ನಡೆದರೂ ಹಿಡಿಯುವ ಮೈಕು ಅದು. ನಾನು ತಡೆಯಲಾರದೆ ಒಮ್ಮೆ ಕಿವಿ ತೋರಿಸಿಕೊಂಡು ಬರೋಣ ಎಂದೆ. ಮಾಮಾ ಎದ್ದು ನಿಂತರು.

"ನನ್ನ ಕಿವಿ ಹೋತು ಅಂತ ಯಾರರ ಅಂದ್ರ ಅವತ್ತ ನಾನೂ ಹೋದಂಗ. ತಿಳೀತಿಲ್ಲ?"

ತಿಳಿಯಿತು. ಇಡೀ ಬದುಕನ್ನು ಕಿವಿಯ ಮೇಲೆ ಕಟ್ಟಿದ ಮನುಷ್ಯ. ಅಂದಿನಿಂದ ಆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಮಾಮಿ ಸುಮ್ಮನೆ ಬೆಲ್ಲು ಬದಲಿಸಿ, ಬಸ್ಸಿನ ಹಾರ್ನಿನಂತೆ ಒದರುವ ಒಂದನ್ನು ಹಾಕಿಸಿದರು.

ಎತ್ತಿದವರು ಔರಂಗಾಬಾದಿನವರು. ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರ ಎಂದು ಹೆಸರು, ಆಗ ನಮ್ಮೆಲ್ಲರ ಬಾಯಲ್ಲಿ ಔರಂಗಾಬಾದೇ. ಅಲ್ಲಿ ಮಾಮಿಯ ತಮ್ಮ ಇದ್ದಾನೆ. ಅಲ್ಲೇ ಬೆಳೆದವನು. ಕನ್ನಡ ಮಾತಾಡುತ್ತಾನೆ, ಓದಲು ಒಂದಕ್ಷರ ಬಾರದು. ಮಾಮಾನನ್ನು ಮರಾಠಿಯವರಂತೆ ಭಾವೂಜಿ ಎನ್ನುತ್ತಾನೆ. ಚುನಾವಣೆಯ ಪ್ರಚಾರದ ಹಾಡು, ಕೀರ್ತನೆಯ ಸಿ.ಡಿ. ಇಂಥವನ್ನು ಧ್ವನಿಮುದ್ರಿಸುವ ಸಣ್ಣ ಸ್ಟುಡಿಯೋ ಅವನದು. ಅವನ ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ನೆಂಟರೆಲ್ಲ ಊಟಕ್ಕೆ ಕುಳಿತಿದ್ದಾಗ ಮೈಕಿನ ಮಾತು ಬಂತು. ಹಳೆಯ ಮೈಕಿಗೂ ಇವತ್ತು ಅಂಗಡಿಯಲ್ಲಿ ಸಿಗುವ ಹೊಸದಕ್ಕೂ ಏನೂ ಫರಕಿಲ್ಲ, ಎಲ್ಲ ಹಳೆಯದೆಂಬ ಮೋಹ ಎಂದ ಅವನು. ಮಾಮಾನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಮಾತಿಗೆ ಮಾತು ಬೆಳೆಯಿತು.

"ಭಾವೂಜಿ, ಮೈಕ್ ನೋಡದ ಬರೇ ಕೇಳಿ ಹೇಳ್ರಿ. ನಿಮಗ ಗೊತ್ತಾಗೂದಿಲ್ಲ. ಫರಕ್ ಕೇಳಾಕ ಮದಲ ಕಿವಿ ಬೇಕು."

ಬಡಿಸುತ್ತಿದ್ದ ಮಾಮಿ ಅಲ್ಲೇ ನಿಂತರು. ಮಾಮಾ ಒಪ್ಪಿದರು. ಒಪ್ಪದೆ ಇರುವ ಜಾತಿಯೇ ಅದು? ಪಂಥ ಹೀಗೆ ನಿಗದಿಯಾಯಿತು: ಹಳೆಯದೊಂದು ಹೊಸದೊಂದು ಮೈಕನ್ನು ಪಕ್ಕಪಕ್ಕ ಇಟ್ಟು, ಈಗ ಯಾವುದು ಚಾಲೂ ಇದೆ ಎಂದು ಮಾಮಾ ಬರೀ ಕೇಳಿ ಹೇಳಬೇಕು. ಹೇಳಿದರೆ ಮಾಮಿಯ ತಮ್ಮ ಇನ್ನು ಜನ್ಮದಲ್ಲಿ ಕಿವಿಯ ಮಾತೆತ್ತುವುದಿಲ್ಲ. ಹೇಳದಿದ್ದರೆ ಅಲಮಾರಿಯ ಮೈಕುಗಳೆಲ್ಲ ಮಾರಿ, ಮಾಮಾ ಎಲ್ಲರ ಕಣ್ಣೆದುರು ಕಿವಿಯ ಡಾಕ್ಟರ ಬಳಿ ಹೋಗಬೇಕು. ಪರೀಕ್ಷೆಯ ಸಪ್ಪಳ ಯಾವುದು? ಮಾಮಿಯ ರೊಟ್ಟಿಯದೇ, ಅದೂ ಮಾಮಿಯ ಸ್ವಂತ ಕಲ್ಲಿನ ಮೇಲೆ!

ಮಾಮಾ ಸೋಲುವುದು ನನಗೆ ಹಗಲಿನಷ್ಟು ನಿಚ್ಚಳವಾಗಿತ್ತು. ಮುಂದಿನ ರವಿವಾರ ರಾಜ್ಯ ಸಾರಿಗೆಯ ಕೆಂಪು ಬಸ್ಸಿನಲ್ಲಿ ಹೊರಟೆವು. ಮಾಮಾನ ತೊಡೆಯ ಮೇಲೆ ಮೈಕು, ಮಾಮಿಯ ಕಾಲ ಬಳಿ ಚೀಲದಲ್ಲಿ ಕಲ್ಲು. ಕಂಡಕ್ಟರನು ಕಲ್ಲನ್ನು ಮುಟ್ಟಿ ನೋಡಿ ಇದು ಯಾವ ದೇವರು ಎಂದು ಕೇಳಿದ. ಮನೆದೇವರು ಎಂದರು ಮಾಮಿ, ನಗದೆ. ದಾರಿಯುದ್ದಕ್ಕೂ ಬೇರೆ ಮಾತಾಡಲಿಲ್ಲ. ಇಷ್ಟು ವರ್ಷ ಬೇಡಿಕೊಂಡದ್ದು ಕೈಗೆ ಬರುತ್ತಿರುವಾಗ ಖುಷಿಯಾಗಿರಬೇಕಲ್ಲ, ಇವರೇಕೆ ಹೀಗಿದ್ದಾರೆ ಎಂದುಕೊಂಡೆ. ಹೋಳಿಗೆಗೆ ಬೇಳೆ ನೆನೆಹಾಕುವುದೇ ಬಾಕಿ ಇತ್ತು.

ಸ್ಟುಡಿಯೋ ಎಂದರೆ ಎರಡು ಕೋಣೆ, ನಡುವೆ ಗಾಜಿನ ಕಿಟಕಿ. ಈಚೆ ಕೋಣೆಯ ನೆಲದ ಮೇಲೆ ಮಾಮಿ, ಕಲ್ಲು, ಹಿಟ್ಟು, ಎದುರಿಗೆ ಎರಡು ಮೈಕು. ಆಚೆ ಕೋಣೆಯಲ್ಲಿ ಮಾಮಾ ನಮಗೆ ಬೆನ್ನು ಮಾಡಿ ಹೆಡ್‌ಫೋನು ಹಾಕಿ ಕುಳಿತರು. ಅವರ ಪಕ್ಕದಲ್ಲಿ ಮೈಕು ಬದಲಿಸಲು ಮಾಮಿಯ ತಮ್ಮ, ಬದಿಗೆ ಸಾಕ್ಷಿಗೆಂದು ಬಂದ ನೆಂಟರು. ಸಪ್ಪಳ ಮಾಮಾನ ಹೆಡ್‌ಫೋನಿಗಷ್ಟೇ ಹೋಗುತ್ತಿತ್ತು, ಗಾಜಿನಾಚೆ ಬೇರೆ ಯಾರಿಗೂ ಕೇಳುತ್ತಿರಲಿಲ್ಲ. ಪಂಚಾಯಿತಿ ನನ್ನದು. ಯಾವ ಮೈಕು ಚಾಲೂ ಆಗುತ್ತದೋ ಅದರ ಬುಡದಲ್ಲಿ ಕೆಂಪು ದೀಪ ಹತ್ತುತ್ತಿತ್ತು. ಅದನ್ನು ನಾನು ನೋಡಿ ಬರೆದುಕೊಳ್ಳಬೇಕು. ಹಳೆಯದೆನಿಸಿದರೆ ಮಾಮಾ ಬಲಗೈ ಎತ್ತುವುದು, ಹೊಸದಾದರೆ ಎಡಗೈ.

ಮೊದಲ ಸಲ ಹಳೆಯದರ ದೀಪ ಹತ್ತಿತು. ಮಾಮಿ ದಿನದಂತೆ ಅವಸರದಲ್ಲಿ ಪಟಪಟನೆ ಬಡಿದರು. ಮದುವೆಯ ಹೊಸತು ಕಳೆದ ಮೇಲೆ, ಮಾಮಾನ ಪಾಳಿಯ ಬಸ್ಸಿಗೆ ಡಬ್ಬಿ ಕಟ್ಟಿ ಕಟ್ಟಿ ಅವರ ಕೈ ಆ ಓಟಕ್ಕೆ ಬಿದ್ದುಬಿಟ್ಟಿತ್ತು. ಮಾಮಾ ಬಹಳ ಹೊತ್ತು ಕದಲಲಿಲ್ಲ. ತಲೆ ತುಸು ಬಲಕ್ಕೆ ವಾಲಿತು, ಎಡಕ್ಕೆ ವಾಲಿತು. ಆಮೇಲೆ ಎಡಗೈ ಅರ್ಧ ಎದ್ದಿತು. ತಪ್ಪು. ಮಾಮಿಯ ತಮ್ಮ ಗಾಜಿನಾಚೆ ನಕ್ಕು, ಮೊದಲ ತಪ್ಪು ಮಾಫ್ ಎಂದು ಸನ್ನೆ ಮಾಡಿದ.

ಮಾಮಿ ಗಂಡನ ಬೆನ್ನನ್ನೇ ನೋಡುತ್ತಿದ್ದರು. ಅಂಗಿಯ ಬೆನ್ನು ಬೆವರಿಗೆ ಒದ್ದೆಯಾಗಿತ್ತು. ಹಿಟ್ಟನ್ನು ಮತ್ತೆ ಉಂಡೆ ಮಾಡಿದರು, ಕಲ್ಲಿನ ಮೇಲೆ ಪುಡಿ ಉದುರಿಸಿದರು. ಮತ್ತೆ ಹಳೆಯದರ ದೀಪ ಹತ್ತಿತು. ಮಾಮಿ ದೀಪ ನೋಡಿದರು. ನೋಡಿ, ಅಂಗೈಯ ಬುಡದಿಂದ ದಪ್ಪಗೆ ಬಡಿದರು.

ಮೂರು ಬಡಿತ. ಒಂದು ತಿರುವು. ಮೂರು ಬಡಿತ. ಒಂದು ತಿರುವು.

ಮಾಮಾನ ಬೆನ್ನು ನೆಟ್ಟಗಾಯಿತು. ಬಲಗೈ ನಿಧಾನವಾಗಿ ಪೂರ್ತಿ ಮೇಲೆದ್ದಿತು.

ಹೊಸದರ ದೀಪ ಹತ್ತಿದಾಗ ಪಟಪಟ ಪಟಪಟ. ಹಳೆಯದಕ್ಕೆ ಮೂರು ಬಡಿತ, ಒಂದು ತಿರುವು. ಆಮೇಲೆ ಒಂದೂ ತಪ್ಪಲಿಲ್ಲ. ಬಲಗೈ, ಎಡಗೈ, ಬಲಗೈ, ಬಲಗೈ. ಮಾಮಿಯ ತಮ್ಮ ಬೆವರತೊಡಗಿದ. ಮೈಕುಗಳ ಜಾಗ ಅದಲುಬದಲು ಮಾಡಿ ನೋಡಿದ, ತಂತಿ ಬದಲಿಸಿ ನೋಡಿದ. ಏನು ಮಾಡಿದರೂ ಮಾಮಾ ಗೆಲ್ಲುತ್ತಲೇ ಹೋದರು. ಕೊನೆಗೆ ಅವನು ಎದ್ದು ಭಾವೂಜಿಯ ಕಾಲು ಮುಟ್ಟಿದ. ಇಂಥ ಕಿವಿ ಮರಾಠವಾಡದಲ್ಲೇ ಇಲ್ಲವೆಂದು ನೆಂಟರು ಒಮ್ಮತದಿಂದ ಸಾರಿದರು!

ಪಂಚಾಯಿತಿ ಮಾಡಿದವಳು ನಾನು. ಎಲ್ಲ ನೋಡಿದೆ. ಬಾಯಿ ಬಿಟ್ಟೆನೇ? ಬಿಡಲಿಲ್ಲ. ಇನ್ನೊಮ್ಮೆ ಅಲ್ಲಿ ನಿಲ್ಲಿಸಿದರೂ ಬಿಡುವುದಿಲ್ಲ. ನ್ಯಾಯ ಅನ್ಯಾಯ ಎಂದು ಯಾರಾದರೂ ನನಗೆ ಪಾಠ ಹೇಳಬಂದರೆ ಅವರು ಮೊದಲು ಆ ಒದ್ದೆ ಬೆನ್ನು ನೋಡಿ ಬರಲಿ. ಇಷ್ಟು ಧೈರ್ಯದಿಂದ ಬರೆಯುತ್ತಿದ್ದಾಳಲ್ಲ, ಔರಂಗಾಬಾದಿನವರಿಗೆ ತಿಳಿದರೆ ಎನ್ನುತ್ತೀರಾ? ಅವನಿಗೆ ಕನ್ನಡ ಓದಲು ಬರುವುದಿಲ್ಲ ಎಂದು ಆಗಲೇ ಹೇಳಿದೆನಲ್ಲ!

ಮರಳಿ ಬರುವಾಗ ಬಸ್ಸು ಯೇವಲೆಯಲ್ಲಿ ಚಹಾಕ್ಕೆ ನಿಂತಿತು. ಅವರಿಬ್ಬರೂ ಇಳಿಯಲಿಲ್ಲ. ಹಿಂದಿನ ಸೀಟಿನಲ್ಲಿದ್ದ ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ. ಗೆದ್ದ ಮನುಷ್ಯ ಮಾಮಿಯತ್ತ ಬಾಗಿದರು.

"ಹಳೇ ಬಡಿತ ಇನ್ನೂ ನೆನಪೈತೇನ ನಿನಗ?"

"ಕೈ ಮರೀತೈತೇನ್ರಿ?"

"ಯಾವ ಮೈಕ್ ಯಾವ್ದು ಅಂತ ನನಗ ಒಂದ ಸಲಾನೂ ತಿಳೀಲಿಲ್ಲ."

"ಗೊತ್ತೈತ್ರಿ."

"ಯಾವಾಗಿಂದ ಗೊತ್ತು?"

"ಕುಕ್ಕರ್ ಹತ್ತಿದಾಗಿಂದ."

ನಾಶಿಕ ಹತ್ತಿರವಾದಾಗ ಮಾಮಾ, ನಾಳೆ ಕಿವಿಯ ಡಾಕ್ಟರ ಬಳಿ ಹೋಗೋಣ ಎಂದರು. ಗೆದ್ದಮೇಲೆ ಯಾಕೆ ಹೋಗಬೇಕು, ನಿಮ್ಮನ್ನು ಕಳಿಸುವವರು ಯಾರು ಎಂದು ಮಾಮಿ ಜಗಳಕ್ಕೇ ಬಿದ್ದರು. ಯಾರೂ ಕಳಿಸುವುದಿಲ್ಲ, ಅದಕ್ಕೇ ಹೋಗುತ್ತೇನೆ ಎಂದರು ಮಾಮಾ.

ಹೋದರು. ಕಿವಿಯ ಯಂತ್ರಗಳನ್ನೂ ಸುಮ್ಮನೆ ಕೊಳ್ಳಲಿಲ್ಲ. ಅದರೊಳಗೂ ಒಂದು ಮೈಕು ಇರುತ್ತದೆಂದು ತಿಳಿದಿದ್ದೇ ತಡ, ಒಂದಕ್ಕೊಂದು ಹೋಲಿಸಿ, ಅಂಗಡಿಯವನ ತಲೆ ತಿಂದು, ಜೋಡಿ ಸರಿಹೊಂದುತ್ತದೋ ಇಲ್ಲವೋ ಎಂದು ಚಿಟಿಕೆ ಹೊಡೆದು ಹೊಡೆದು ನೋಡಿ ತಂದರು.

ಮರುದಿನ ಬೆಳಗ್ಗೆ ನಾನು ಕೆಲಸಕ್ಕೆ ಹೋಗುವ ಗಡಿಬಿಡಿಯಲ್ಲಿ ಡಬ್ಬಿ ತುಂಬಿಕೊಳ್ಳುತ್ತಿದ್ದೆ. ಫ್ಯಾನು ತಿರುಗುತ್ತಿತ್ತು, ಫ್ರಿಜ್ಜು ಗುಂಯ್‌ಗುಡುತ್ತಿತ್ತು. ತಂತಿಯಲ್ಲಿ ಮೈಕು ಇರಲಿಲ್ಲ. ಮಾಮಿ ಪಟಪಟನೆ ಬಡಿಯುತ್ತಿದ್ದರು. ಮಾಮಾ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಬಂದು ಬಾಗಿಲಲ್ಲಿ ನಿಂತರು. ಹಾಗೇ ನಿಂತೇ ಇದ್ದರು. ಆಮೇಲೆ ಒಳಗೆ ಬಂದು ಮಾಮಿಯ ಎದುರು ನೆಲಕ್ಕೆ ಕುಳಿತರು.

"ಮತ್ತ ಬಳಿ ಹಾಕ್ಕೊಳ್ಳಾಕ ಹತ್ತಿ ಏನ?"

ಮಾಮಿಯ ಕೈ ನಿಂತಿತು. "ಬಿಚ್ಚಿದ್ದರ ಯಾವಾಗ್ರಿ?" ಎಂದರು.

ಹೆಂಚಿನ ಮೇಲಿದ್ದ ರೊಟ್ಟಿ ಹತ್ತಿ ಹೊಗೆಯೆದ್ದಿತು. ಇಬ್ಬರಿಗೂ ಅದರ ಪರಿವೆ ಇರಲಿಲ್ಲ. ನಾನೇ ಅದನ್ನು ತೆಗೆದು ನನ್ನ ಡಬ್ಬಿಗೆ ಹಾಕಿಕೊಂಡೆ. ಮಾಮಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೊಸ ಉಂಡೆ ತೆಗೆದುಕೊಂಡರು. ಮೂರು ಸಲ ಬಡಿದು, ಒಮ್ಮೆ ತಿರುಗಿಸಿದರು.